ಅತ್ತೆಯವರ ತಾತ್ಕಾಲಿಕ ತಂತಿ

ಮೇಲಿನ ಮನೆಯ ಅತ್ತೆಯವರು ಇನ್ನೇನು ಹೋಗಿಬಿಡುವ ಸ್ಥಿತಿಯಲ್ಲಿದ್ದಾರೆ ಎಂಬ ಸುದ್ದಿಯನ್ನು ನನಗೆ ತಂದು ಮುಟ್ಟಿಸಿದವರು ಸ್ವತಃ ಅತ್ತೆಯವರೇ. ಶುಕ್ರವಾರ ಮಧ್ಯಾಹ್ನ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ದಡದಡನೆ ಮೆಟ್ಟಿಲು ಹತ್ತಿ ಬಂದವರು ನನ್ನ ಬಾಗಿಲಲ್ಲಿ ನಿಂತರು. ನಾನು ದರ್ಜಿ. ಮನೆಯಲ್ಲೇ ಹೊಲಿಯುವವನಾದ್ದರಿಂದ ನನ್ನ ಬಾಗಿಲು ಹಗಲೆಲ್ಲ ತೆರೆದಿರುತ್ತದೆ, ಅದರ ಜೊತೆಗೆ ಕಿವಿಯೂ.

"ಟೈಲರೇ, ನನ್ನ ಸ್ಥಿತಿ ಗಂಭೀರವಾಗಿದೆಯಂತೆ" ಎಂದರು. "ಈಗ ತಾನೇ ಕರೆಂಟ್ ಆಫೀಸಿಂದ ಫೋನ್ ಬಂದಿತ್ತು. ರೋಗಿಗೆ ಪ್ರಜ್ಞೆ ಇದೆಯಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಲೈನಲ್ಲೇ ಇರಿ, ವಿಚಾರಿಸಿ ಹೇಳ್ತೀನಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಇದೆ ಅಂದೆ."

ಅತ್ತೆಯವರು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೀಪ ಹತ್ತಿದ ಕಡೆ ಪ್ಲಗ್ ಚುಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸೇರಿಸಿ, ನಡುವೆ ತಾವು ತುಟಿ ಪಿಟಕ್ಕೆನ್ನದೆ ಕೂತಿದ್ದವರು. ಫೋನಿನಲ್ಲಿ ಯಾರು ಏನು ಕೇಳಿದರೂ ಅವರಿಗೆ ಆಶ್ಚರ್ಯವಾಗುವುದಿಲ್ಲ, ತಮ್ಮದೇ ಮರಣದ ವಿಚಾರವಾದರೂ ಅಷ್ಟೇ.

"ಇದು ನಮ್ಮ ಅಳಿಯಂದಿರ ಕೆಲಸ" ಎಂದು ಹೇಳಿ, ಚೀಲ ಎತ್ತಿಕೊಂಡು ಮೇಲೆ ಹೋದರು.

ಅಳಿಯಂದಿರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ತೂಕ ಮತ್ತು ಅಳತೆ ಕಚೇರಿಯಲ್ಲಿ ಗುಮಾಸ್ತರು. ಅಂಗಡಿಗಳ ತಕ್ಕಡಿ ಸರಿಯಾಗಿದೆಯೇ ಎಂದು ನೋಡಿ ಮುದ್ರೆ ಹಾಕುವ ಕಚೇರಿ ಅದು. ಹೀಗಾಗಿ ಇಡೀ ಕಟ್ಟಡಕ್ಕೆ ಅವರು ತಕ್ಕಡಿಯವರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಗ್ರಾಂ ಸುಳ್ಳು ಬರೆದವರಲ್ಲ. ಅವರ ಬದುಕಿನಲ್ಲಿದ್ದದ್ದು ಒಂದೇ ಒಂದು ಸುಳ್ಳು. ಅದನ್ನು ಅವರು ಮದುವೆಗೆ ಮುಂಚೆ, ಹೆಣ್ಣು ಎದುರಿಗೆ ಕೂತಿದ್ದಾಗ, ಮಾತು ಸಿಕ್ಕದೆ ಹೇಳಿಬಿಟ್ಟಿದ್ದರು.

ಆ ಕಾಲದಲ್ಲಿ ಟೀವಿಗೆ ಸಿಕ್ಕಿಸಿ ಆಡುವ ಒಂದು ಗೇಮ್ ಪೆಟ್ಟಿಗೆ ಇತ್ತು. ಅದರಲ್ಲಿ ಒಂದು ಆಟ. ನಾವು ಒಂದು ದೈತ್ಯ ಯಂತ್ರಮಾನವನ ತಲೆಯೊಳಗೆ ಕೂತಿರುತ್ತೇವೆ. ಪರದೆಯ ಸುತ್ತ ಕಬ್ಬಿಣದ ಕಿಟಕಿ, ಎದುರಿಗೆ ಹಸಿರು ಗೆರೆ ಎಳೆದ ಬಯಲು, ಕೆಳಗೆ ಶತ್ರುಗಳು ಚುಕ್ಕೆಯಾಗಿ ಮಿನುಗುವ ದುಂಡನೆಯ ರಾಡಾರ್. ಯಂತ್ರಮಾನವ ಧಡ್ ಧಡ್ ಎಂದು ನಡೆಯುತ್ತಾನೆ. ಎಡಕ್ಕೆ ತಿರುಗು ಎಂದು ಗುಂಡಿ ಒತ್ತಿದರೆ, ಕಚೇರಿಯ ಫೈಲಿನಂತೆ ತನಗೆ ಬಿಡುವಾದಾಗ ತಿರುಗುತ್ತಾನೆ. ಜಾಸ್ತಿ ಗುಂಡು ಹಾರಿಸಿದರೆ ಕಾವಿನ ಪಟ್ಟಿ ಕೆಂಪಿಗೆ ಬಂದು, ಬೀಪ್ ಬೀಪ್ ಎಂದು ಕೂಗಿ, ನಿಂತಲ್ಲೇ ನಿಂತುಬಿಡುತ್ತಾನೆ. ಒಟ್ಟು ಹನ್ನೆರಡು ಹಂತ, ಆಡುವವನಿಗೆ ಮೂರೇ ಯಂತ್ರಮಾನವರು. ಆಟವನ್ನು ಅಲ್ಲಲ್ಲಿಗೆ ಉಳಿಸಿಡುವ ಸೌಲಭ್ಯ ಆ ಕಾಲದ ಪೆಟ್ಟಿಗೆಗೆ ಇರಲಿಲ್ಲ. ಕರೆಂಟ್ ಹೋಯಿತೋ, ಮತ್ತೆ ಒಂದನೆಯ ಹಂತದಿಂದ ಶುರು.

ತಕ್ಕಡಿಯವರು ಹುಡುಗರಾಗಿದ್ದಾಗ ಐದನೆಯ ಹಂತ ದಾಟಿದವರಲ್ಲ. ಆದರೆ ಹೆಣ್ಣಿನ ಮುಂದೆ, "ನಮ್ಮ ಕಡೆ ಆ ಆಟ ಪೂರ್ತಿ ಮುಗಿಸಿದೋನು ನಾನೊಬ್ಬನೇ" ಎಂದಿದ್ದರು. ಆಕೆ ನಂಬಿದರು. ಗಂಡನ ಬಗ್ಗೆ ಹೇಳಿಕೊಳ್ಳಲು ಬೇರೆ ಸಾಹಸವೇನೂ ಸಿಗದೆ, ಇಪ್ಪತ್ತೆರಡು ವರ್ಷದಿಂದ ಇದನ್ನೇ ತಾವು ಕೆಲಸ ಮಾಡುವ ಗ್ರಂಥಾಲಯದಲ್ಲೂ, ನೆಂಟರ ನಡುವೆಯೂ, ನನ್ನ ಹತ್ತಿರವೂ ಹೇಳಿಕೊಂಡು ಬಂದಿದ್ದರು. ಹೇಳುವಾಗ ಅವರ ಮುಖ ನೋಡಬೇಕು, ಗಂಡ ಯುದ್ಧ ಗೆದ್ದು ಬಂದವರೇ ಸರಿ.

ಆಕೆಯ ತಮ್ಮ ಹಳೆಯ ಟೀವಿ ರಿಪೇರಿ ಮಾಡುವವನು. ಯಾವುದೋ ಗುಜರಿಯಲ್ಲಿ ಅದೇ ಪೆಟ್ಟಿಗೆ, ಅದೇ ಆಟ ಸಿಕ್ಕಿತೆಂದು ಒಂದು ಭಾನುವಾರ ತಂದು ಭಾವನ ಮುಂದಿಟ್ಟ.

"ಭಾವ, ಇದನ್ನ ಮುಗಿಸಿದವರನ್ನ ನಾನು ಇವತ್ತಿನವರೆಗೂ ಕಂಡಿಲ್ಲ. ಕೊನೇಲಿ ಏನಾಗುತ್ತೆ?"

ತಕ್ಕಡಿಯವರು ಗಂಟಲು ಸರಿಮಾಡಿಕೊಂಡರು. "ಕೊನೇಲಾ? ಬಾಗಿಲು ತೆಗೆಯುತ್ತೆ. ಒಳಗಿದ್ದ ಪೈಲಟ್ ಹೊರಗೆ ಬರ್ತಾನೆ. ಬೆಳಗಾಗಿರುತ್ತೆ."

"ಅವನ ಮುಖ ಹೇಗಿದೆ?" ಎಂದು ಕೇಳಿದವರು, ಮೂಲೆಯಲ್ಲಿ ಬೀನ್ಸ್ ಮುರಿಯುತ್ತಿದ್ದ ಅತ್ತೆ.

ಮುಖದ ಬಗ್ಗೆ ತಕ್ಕಡಿಯವರು ಯೋಚಿಸಿರಲಿಲ್ಲ. "ಅದು ಹೇಳೋಕೆ ಬರಲ್ಲ, ನೋಡೇ ತಿಳ್ಕೋಬೇಕು" ಎಂದರು.

"ಹಾಗಾದ್ರೆ ತೋರಿಸಿಬಿಡಿ" ಎಂದ ಭಾವಮೈದುನ. "ಎರಡು ವಾರ ಟೈಮ್ ತಗೊಳ್ಳಿ. ಆ ಭಾನುವಾರ ಸಾಯಂಕಾಲ ನಾಲ್ಕಕ್ಕೆ ಬರ್ತೀನಿ."

"ಎರಡು ವಾರ ಯಾಕೋ, ಇವರಿಗೆ ಎರಡು ಗಂಟೆ ಸಾಕು" ಎಂದು ಹೆಂಡತಿ ಹೆಮ್ಮೆಯಿಂದ ಹೇಳಿದಾಗ ತಕ್ಕಡಿಯವರು ಪೆಟ್ಟಿಗೆಯನ್ನು ಮಗುಚಿ ಅದರ ತಳದ ಅಚ್ಚಕ್ಷರ ಓದತೊಡಗಿದರಂತೆ. ಭಾವಮೈದುನನ ಮುಂದೆ ಮುಖಭಂಗವಾಗುವುದು ದೊಡ್ಡದಲ್ಲ, ಅದು ಅವರಿಗೆ ಅಭ್ಯಾಸವಿತ್ತು. ಹೆಂಡತಿಯ ಆ ಒಂದು ಹೆಮ್ಮೆಗೆ ಕಲ್ಲು ಬೀಳುತ್ತದಲ್ಲ ಎಂಬುದೇ ಅವರ ಸಂಕಟ.

ಟೀವಿ ಇದ್ದದ್ದು ಅತ್ತೆಯವರ ಕೋಣೆಯಲ್ಲಿ. ಸೋಮವಾರದಿಂದ ತಕ್ಕಡಿಯವರು ಕಚೇರಿಯಿಂದ ಬಂದವರೇ ಚಪ್ಪಲಿ ಬಿಟ್ಟು ಅಲ್ಲಿ ಕೂರತೊಡಗಿದರು. ಯಂತ್ರಮಾನವ ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ ವಾಲುವರು, ಅವನು ಹೆಜ್ಜೆ ಇಟ್ಟರೆ ಇವರ ಕಾಲೂ ನೆಲ ಒದೆಯುವುದು. ಕೆಳಗೆ ಕೂತ ನನ್ನ ಸೂಜಿ ಎರಡು ಸಲ ಮುರಿಯಿತು. ಹಿಂದೆ ಮಂಚದ ಮೇಲೆ ಕೂತ ಅತ್ತೆಯವರು ತರಕಾರಿ ಹೆಚ್ಚುತ್ತ, ತಲೆ ಎತ್ತದೆ, "ಎಡಗಡೆ ಹಿಂದೆ ಒಂದು ದೀಪ ಬಂತು" ಎನ್ನುವರು. "ಬಲಗಡೆ ಎರಡು. ಮೊದಲನೇದನ್ನ ಮುಗಿಸಿ, ಎರಡನೇದು ಕಾಯಲಿ."

"ಅತ್ತೆ, ನನಗೆ ಕಾಣುತ್ತೆ" ಎಂದು ತಕ್ಕಡಿಯವರು ಸಿಡುಕುವರು. ಆದರೆ ಎಡಕ್ಕೆ ತಿರುಗುವರು. ಪೆಟ್ಟಿಗೆಯನ್ನು ಆರಿಸದೆ, ಆಟವನ್ನು ತಡೆಹಿಡಿದು, ಅದರ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗಿಟ್ಟು, ಹತ್ತು ದಿನದಲ್ಲಿ ಹನ್ನೊಂದು ಹಂತ ದಾಟಿದರು. ಬುಧವಾರ ಸಂಜೆ ಹನ್ನೆರಡನೆಯ ಹಂತದ ಬಾಗಿಲಿಗೆ ಬಂದಾಗ ಉಳಿದಿದ್ದದ್ದು ಒಬ್ಬನೇ ಯಂತ್ರಮಾನವ.

"ಈಗಲೇ ಆಡಿ ಮುಗಿಸಿಬಿಡಿ" ಎಂದರು ಅತ್ತೆ.

"ಬೇಡ. ಭಾನುವಾರ ಎಲ್ಲರ ಮುಂದೆಯೇ ಮುಗಿಸ್ತೀನಿ. ಅಲ್ಲಿವರೆಗೂ ಇದು ಹೀಗೇ ಇರಲಿ."

ಗುರುವಾರ ಬೆಳಿಗ್ಗೆ ಕಟ್ಟಡದ ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಹಳೆಯ ತಂತಿ ಬದಲಿಸುವ ಕೆಲಸವಿರುವುದರಿಂದ ಶನಿವಾರ ಹತ್ತರಿಂದ ನಾಲ್ಕರವರೆಗೆ ನಮ್ಮ ಬೀದಿಗೆ ಕರೆಂಟ್ ಇರುವುದಿಲ್ಲ.

ಅರ್ಧ ದಿನ ರಜೆ ಹಾಕಿ ತಕ್ಕಡಿಯವರು ಕರೆಂಟ್ ಆಫೀಸಿಗೆ ಓಡಿದರು. ಕಿಟಕಿಯ ಗುಮಾಸ್ತ ಮುಖ ನೋಡದೆ, "ಕೆಲಸ ನಿಲ್ಲಿಸೋಕಾಗಲ್ಲ. ಮನೇಲಿ ಜೀವ ಉಳಿಸೋ ಯಂತ್ರದ ಮೇಲೆ ರೋಗಿ ಯಾರಾದ್ರೂ ಇದ್ರೆ ಮಾತ್ರ ಪಕ್ಕದ ಬೀದಿಯಿಂದ ತಾತ್ಕಾಲಿಕ ತಂತಿ ಎಳೆದು ಕೊಡ್ತೀವಿ. ಅದಕ್ಕೆ ಬೇರೆ ಫಾರಂ" ಎಂದು ಒಂದು ಹಾಳೆ ಈಚೆ ನೂಕಿದ.

ಇಲ್ಲಿ ನಾನು ತಕ್ಕಡಿಯವರ ಪರವಾಗಿ ಸಾಕ್ಷಿ ಹೇಳಬೇಕು, ಏಕೆಂದರೆ ಆ ಫಾರಮನ್ನು ಆಮೇಲೆ ನಾನೇ ಓದಿದ್ದೇನೆ. ಒಂದು ಕಾಲಂ ಬಿಟ್ಟರೆ ಮಿಕ್ಕಿದ್ದೆಲ್ಲ ಅಪ್ಪಟ ನಿಜ. ಯಂತ್ರ ದಿನಕ್ಕೆ ಎಷ್ಟು ಗಂಟೆ ಚಾಲೂ ಇರುತ್ತದೆ: ಇಪ್ಪತ್ತನಾಲ್ಕು. ಎಷ್ಟು ಹೊತ್ತು ವಿದ್ಯುತ್ ನಿಂತರೆ ಅಪಾಯ: ಒಂದು ಕ್ಷಣ. ನಿಂತರೆ ಆಗುವ ಪರಿಣಾಮ: ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕರೆಂಟ್ ಆಫೀಸಿನ ಎಂಜಿನಿಯರು ಇದನ್ನು ವೇದಾಂತವೆಂದು ತಿಳಿದು ಕೆಳಗೆ ಗೆರೆ ಎಳೆದಿದ್ದರು. ಕೊನೆಯ ಕಾಲಂ, ರೋಗಿಯು ಅರ್ಜಿದಾರರಿಗೆ ಏನಾಗಬೇಕು ಎಂಬುದು. ಅಲ್ಲಿ ತಕ್ಕಡಿಯವರ ಪೆನ್ನು ಹತ್ತು ನಿಮಿಷ ನಿಂತಿತ್ತಂತೆ. ಆಮೇಲೆ, ಅತ್ತೆ ಎಂದು ಬರೆದರು.

ಶುಕ್ರವಾರ ಸಂಜೆ ಅವರು ಮನೆಗೆ ಬಂದಾಗ ಅತ್ತೆಯವರು ಕಾದಿದ್ದರು. ಮಗಳು ಅಡುಗೆಮನೆಯಲ್ಲಿದ್ದದ್ದರಿಂದ ಸಂಭಾಷಣೆ ಮೆಲುದನಿಯಲ್ಲಿ ನಡೆಯಿತು.

"ನನಗೆ ಏನಾಗಿದೆ ಅಂತ ಬರೆದಿದ್ದೀರಿ?"

"ಕಾಯಿಲೆ ಹೆಸರು ಕೇಳಿರಲಿಲ್ಲ ಅತ್ತೆ."

"ನೋಡೋಕೆ ಯಾರಾದ್ರೂ ಬರ್ತಾರಾ?"

"ನಾಳೆ ಎಂಜಿನಿಯರ್ ಬರ್ತಾರಂತೆ. ಹತ್ತು ನಿಮಿಷ ಮಲಗಿದ್ರೆ ಸಾಕು. ಇವಳಿಗೆ ಮಾತ್ರ ಗೊತ್ತಾಗಬಾರದು. ನಾನು ಆ ಆಟ ಯಾವತ್ತೂ ಮುಗಿಸಿಲ್ಲ ಅತ್ತೆ."

"ಅದು ನನಗೆ ನೀವು ಪೈಲಟ್ ಮುಖ ಹೇಳದೇ ಹೋದಾಗಲೇ ಗೊತ್ತಾಯ್ತು" ಎಂದರು ಅತ್ತೆ. "ಮಲಗ್ತೀನಿ. ಆದ್ರೆ ಸುಮ್ನೆ ಸೂರು ನೋಡ್ಕೊಂಡು ಬಿದ್ದಿರೋಕೆ ನನ್ನ ಕೈಲಾಗಲ್ಲ, ಹೇಳಿದ್ದೀನಿ."

ಶನಿವಾರ ಒಂಬತ್ತಕ್ಕೆ ತಕ್ಕಡಿಯವರ ಹೆಂಡತಿ ಗ್ರಂಥಾಲಯಕ್ಕೆ ಹೋದರು. ಒಂಬತ್ತೂವರೆಗೆ ಲೈನ್‌ಮನ್ ಏಣಿ ತಂದ. ಪಕ್ಕದ ಬೀದಿಯ ಕಂಬದಿಂದ ಒಂದು ಕಪ್ಪು ತಂತಿ ನಮ್ಮ ಅಂಗಳ ದಾಟಿ, ನನ್ನ ಕಿಟಕಿಯ ಮುಂದೆ ಹಾದು, ಅತ್ತೆಯವರ ಕೋಣೆಗೆ ಏರಿತು.

"ಬದಲಾಯಿಸುವಾಗ ಎರಡು ಸೆಕೆಂಡ್ ಹೋಗುತ್ತೆ ಸಾರ್" ಎಂದ ಲೈನ್‌ಮನ್.

"ಎರಡು ಸೆಕೆಂಡ್ ಆಗಲ್ಲ" ಎಂದರು ತಕ್ಕಡಿಯವರು.

ಲೈನ್‌ಮನ್ ಟೋಪಿ ತೆಗೆದು, "ಅಷ್ಟು ಸೀರಿಯಸ್ಸಾ?" ಎಂದು ಕೇಳಿ, ಹೊಸ ತಂತಿಯನ್ನು ಮೊದಲು ಸೇರಿಸಿ, ಆಮೇಲೆ ಹಳೆಯದನ್ನು ಬಿಡಿಸಿದ. ಅಷ್ಟು ಜೋಪಾನವಾಗಿ ಕೆಲಸ ಮಾಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಹತ್ತಕ್ಕೆ ಇಡೀ ಬೀದಿಯ ಕರೆಂಟ್ ಹೋಯಿತು. ನನ್ನ ಹೊಲಿಗೆ ಯಂತ್ರ ನಿಂತಿತು, ನಾನು ಮೇಲೆ ಹೋದೆ. ಹತ್ತೂಕಾಲಿಗೆ ಆ ಕಪ್ಪು ತಂತಿ ಏಕೆ ಎಂಬುದು ಕಟ್ಟಡಕ್ಕೆಲ್ಲ ಗೊತ್ತಾಯಿತು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲಿನ ತಿರುವಿನಲ್ಲಿ "ನಿಶ್ಶಬ್ದ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಅದರ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ಗಟ್ಟಿ ದನಿಯಲ್ಲಿ ಅದನ್ನು ಓದಿ ಹೇಳತೊಡಗಿದರು. ಜನ ಫ್ಲಾಸ್ಕಿನಲ್ಲಿ ಚಹಾ ತಂದರು, ಹಣ್ಣು ತಂದರು.

"ನಿನ್ನೆ ತಾನೇ ತರಕಾರಿ ತರ್ತಿದ್ರು" ಎಂದರು ಒಬ್ಬರು.

"ಆರುವ ಮುಂಚೆ ದೀಪ ಜೋರಾಗಿ ಉರಿಯೋದು ಹೀಗೇ" ಎಂದು ಹೆಡ್‌ಮಾಸ್ಟರು ಕಣ್ಣು ಒರೆಸಿಕೊಂಡರು. ಆಮೇಲೆ ಜೇಬಿನಿಂದ ಫೋನೂ ಚಾರ್ಜರೂ ತೆಗೆದು, ನನ್ನ ಕಿವಿಯಲ್ಲಿ, "ರೋಗಿಯ ಯಂತ್ರಕ್ಕೆ ತೊಂದರೆ ಇಲ್ಲ ಅಂದ್ರೆ, ಪಕ್ಕದಲ್ಲಿ ಇದನ್ನೂ ಸ್ವಲ್ಪ ಚುಚ್ಚಬಹುದಾ?" ಎಂದು ಕೇಳಿದರು.

ಹನ್ನೆರಡೂವರೆಗೆ ಎಂಜಿನಿಯರು ಬಂದರು. ಕಂಕುಳಲ್ಲಿ ಫೈಲು, ಕಿವಿಯ ಹಿಂದೆ ಪೆನ್ಸಿಲು, ಮುಖದಲ್ಲಿ ಕಾನೂನು. ತಕ್ಕಡಿಯವರು ಅವರನ್ನು ಕೋಣೆಗೆ ಕರೆದೊಯ್ದರು, ಹಿಂದೆ ನಾನು.

ಅತ್ತೆಯವರು ಕತ್ತಿನವರೆಗೆ ಕಂಬಳಿ ಹೊದ್ದು ಮಲಗಿದ್ದರು. ಕಂಬಳಿಯ ಅಡಿಯಿಂದ ಒಂದು ವೈರು ಹೊರಟು ನೆಲದ ಮೇಲಿನ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಒದ್ದೆ ಬಟ್ಟೆ ಹೊದಿಸಿತ್ತು. ಟೀವಿಯಲ್ಲಿ ಹಸಿರು ಗೆರೆಗಳು ಅಲುಗಾಡುತ್ತಿದ್ದವು. ತಕ್ಕಡಿಯವರ ಮುಖ ಬಿಳಿಚಿಕೊಂಡಿತು. ತಡೆಹಿಡಿದಿಟ್ಟಿದ್ದ ಆಟ ನಡೆಯುತ್ತಿತ್ತು. ಸೂರು ನೋಡಿ ಬೇಸತ್ತ ಅತ್ತೆಯವರು ಕಂಬಳಿಯೊಳಗೇ ಗುಂಡಿ ಒತ್ತುತ್ತ ಕೊನೆಯ ಹಂತ ಶುರು ಮಾಡಿಬಿಟ್ಟಿದ್ದರು.

ಎಂಜಿನಿಯರು ಉಸಿರು ಬಿಗಿಹಿಡಿದು ಪರದೆ ನೋಡಿದರು. ಧಡ್ ಧಡ್ ಶಬ್ದ ಒಂದೇ ಲಯದಲ್ಲಿ ಕೇಳುತ್ತಿತ್ತು. "ಹೃದಯ ಗಟ್ಟಿಯಾಗಿದೆ" ಎಂದು ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಕಾವಿನ ಪಟ್ಟಿ ಕೆಂಪಿಗೆ ಬಂದು, ಬೀಪ್ ಬೀಪ್ ಎಂದು ಕೂಗಿ, ಧಡ್ ಧಡ್ ನಿಂತುಹೋಯಿತು. ಎಂಜಿನಿಯರ ಪೆನ್ಸಿಲು ಕೆಳಗೆ ಬಿತ್ತು.

"ಡಾಕ್ಟರನ್ನ ಕರೆಸಿ" ಎಂದರು.

"ಹತ್ತು ಸೆಕೆಂಡ್ ಬಿಟ್ರೆ ತಾನೇ ಸರಿ ಹೋಗುತ್ತೆ" ಎಂದರು ರೋಗಿ.

ಸರಿ ಹೋಯಿತು. ಎಂಜಿನಿಯರು ಹಣೆಯ ಬೆವರು ಒರೆಸಿ, ಫೈಲು ಬಿಚ್ಚಿ, ಯಂತ್ರ ಚಾಲೂ ಇದೆ, ರೋಗಿಗೆ ಜೋಡಿಸಲಾಗಿದೆ ಎಂದು ಟಿಕ್ ಹಾಕುತ್ತ ಬಂದರು. ಇನ್ನೊಂದೇ ಟಿಕ್ ಬಾಕಿ ಇತ್ತು. ಆಗ ರಾಡಾರಿನ ಅಂಚಿನಲ್ಲಿ ನಾಲ್ಕೂ ಕಡೆಯಿಂದ ದೀಪಗಳು ಮಿನುಗಿದವು. ಎಕ್ಸ್‌ಚೇಂಜಿನ ಮೂವತ್ತೊಂದು ವರ್ಷ ಅತ್ತೆಯವರ ಬೆನ್ನಲ್ಲಿ ಎದ್ದು ನಿಂತಿತು. ಕಂಬಳಿ ಒದ್ದು, ದಡಕ್ಕನೆ ಎದ್ದು ಕೂತು, "ಒಬ್ಬೊಬ್ಬರಾಗಿ ಬನ್ನಿ" ಎಂದರು.

ಎಂಜಿನಿಯರು ಎರಡು ಹೆಜ್ಜೆ ಹಿಂದೆ ಸರಿದರು. ಅವರಿಗೆ ಆಟದ ಪರಿಚಯವಿರಲಿಲ್ಲ, ನಿಯಮದ ಪರಿಚಯವಿತ್ತು. ರೋಗಿ ಎದ್ದು ಕೂತರೆ ಏನು ಮಾಡಬೇಕು ಎಂಬುದು ಫಾರಮಿನ ಹಿಂಬದಿಯಲ್ಲಿ ಅಚ್ಚಾಗಿತ್ತು. ತಕ್ಕಡಿಯವರ ಕೈ ಕುಲುಕಿ, "ಅಭಿನಂದನೆ. ನನ್ನ ಸರ್ವಿಸಲ್ಲೇ ಇದು ಮೊದಲನೇ ಸಲ" ಎಂದು ಹೇಳಿ, ರೋಗಿ ಚೇತರಿಸಿಕೊಂಡಿದ್ದಾರೆ, ತಾತ್ಕಾಲಿಕ ತಂತಿ ತೆಗೆಯತಕ್ಕದ್ದು ಎಂದು ಬರೆದು ಸಹಿ ಮಾಡಿ, ಹೊರಗೆ ಹೊರಟೇಬಿಟ್ಟರು.

ಮೆಟ್ಟಿಲಲ್ಲಿ ಸೇರಿದ್ದವರಿಗೆ ಅವರೇ ಶುಭವಾರ್ತೆ ಹೇಳಿದರು. ಜನ ಹಿಗ್ಗಿದರು. ಹೆಡ್‌ಮಾಸ್ಟರು "ನಿಶ್ಶಬ್ದ" ಎಂಬ ಹಾಳೆ ಕಿತ್ತು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ತಕ್ಕಡಿಯವರು ಬರಿಗಾಲಲ್ಲಿ ಓಡಿಬಂದು ಎಂಜಿನಿಯರ ತೋಳು ಹಿಡಿದರು.

"ಸಾರ್, ಗುಣ ಆಗಿಲ್ಲ ಸಾರ್. ದಯವಿಟ್ಟು ನಂಬಿ. ನಮ್ಮ ಅತ್ತೆಗೆ ಏನೂ ಗುಣ ಆಗಿಲ್ಲ."

"ಎದ್ದು ಕೂತಿದ್ದಾರಲ್ರೀ."

"ಅದು ಹಾಗೇ ಕೂರ್ತಾರೆ. ಇನ್ನೊಂದು ಹತ್ತು ನಿಮಿಷ ಬಿಡಿ, ಎಲ್ಲಾ ಮುಗಿದುಹೋಗುತ್ತೆ. ಆಮೇಲೆ ತಂತಿ ತಗೊಂಡು ಹೋಗಿ."

ಚಪ್ಪಾಳೆ ನಿಂತಿತು. ಹೆಡ್‌ಮಾಸ್ಟರು ಕಿತ್ತ ಹಾಳೆಯನ್ನು ಎದೆಗೆ ಹಿಡಿದುಕೊಂಡು, "ಅತ್ತೆ ಬದುಕಿದ್ದಕ್ಕೆ ಇಷ್ಟು ದುಃಖಪಡೋ ಅಳಿಯನನ್ನ ನಾನು ಕಂಡಿರಲಿಲ್ಲ" ಎಂದರು. ಎಲ್ಲರೂ ತಲೆಯಾಡಿಸುತ್ತಿದ್ದಾಗ ಕೆಳಗಿನ ಮೆಟ್ಟಿಲಲ್ಲಿ ಒಂದು ಕೈಚೀಲ ಧೊಪ್ಪನೆ ಬಿತ್ತು. ಹೆಂಡತಿ ಶನಿವಾರದ ಅರ್ಧ ದಿನ ಮುಗಿಸಿ ಬಂದು ನಿಂತಿದ್ದರು.

"ಅಮ್ಮಂಗೆ ಏನಾಗಿದೆ?" ಎಂದರು. ಗಂಡನನ್ನು ಪಕ್ಕಕ್ಕೆ ತಳ್ಳಿ ಮೇಲಕ್ಕೆ ಓಡಿದರು. ನಾವೆಲ್ಲ ಹಿಂದೆ ಓಡಿದೆವು. ಅಂಗಳದಲ್ಲಿ ಲೈನ್‌ಮನ್, "ಬಿಚ್ಚಿದೆ ಸಾರ್" ಎಂದು ಕೂಗಿದ್ದೂ ನಾವು ಬಾಗಿಲಿಗೆ ಬಂದದ್ದೂ ಒಂದೇ ಸಲ.

ಟೀವಿ ಕಪ್ಪಗಿತ್ತು. ಪೆಟ್ಟಿಗೆಯ ಕೆಂಪು ದೀಪ ಆರಿತ್ತು. ಅತ್ತೆಯವರು ಮಂಚದ ಪಕ್ಕ ನಿಂತು ಕಂಬಳಿ ಮಡಿಸುತ್ತಿದ್ದರು.

"ಮುಗೀತು" ಎಂದರು. "ನಾನು ನೋಡಿದೆ. ಅದಾದ ಮೇಲೇ ಕರೆಂಟ್ ಹೋಯ್ತು."

ಮುಂದಿನ ಅರ್ಧ ಗಂಟೆ ನಾನು ಕೆಳಗೆ ನನ್ನ ಮನೆಯಲ್ಲೇ ಇದ್ದುಬಿಟ್ಟೆ. ಆದರೂ ಫಾರಮಿನ ವಿಷಯ ಹೆಂಡತಿಗೆ ತಿಳಿದದ್ದು ನನಗೆ ಚೆನ್ನಾಗಿ ಕೇಳಿಸಿತು. "ಒಂದು ಆಟ ತೋರಿಸೋಕೆ ನಮ್ಮಮ್ಮನ್ನ ಸಾಯೋ ಹಾಗೆ ಮಾಡಿದ್ರಾ?" ಎಂಬ ಮಾತು ಎದುರು ಕಟ್ಟಡಕ್ಕೂ ಕೇಳಿಸಿರಬೇಕು. ಸೋಮವಾರ ಖುದ್ದಾಗಿ ಹೋಗಿ ಕ್ಷಮಾಪಣೆ ಪತ್ರ ಕೊಟ್ಟು ಬರಬೇಕೆಂದು ತೀರ್ಪಾಯಿತು.

ಆದರೆ ದೊಡ್ಡ ವಿಚಾರಣೆ ಉಳಿದಿತ್ತು. ಭಾನುವಾರ ನಾಲ್ಕಕ್ಕೆ ಸರಿಯಾಗಿ ಭಾವಮೈದುನ ಬಂದ. ಕಪ್ಪಗಿದ್ದ ಟೀವಿ ನೋಡಿದ, ಕಥೆ ಕೇಳಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಆಗ ಅಲ್ಲೇ ಇದ್ದೆ, ಅಳತೆ ಕೊಡುವ ನೆಪ ಹೇಳಿ ಅತ್ತೆಯವರೇ ಕರೆಸಿದ್ದರು.

"ಅಂದ್ರೆ ತೋರಿಸೋಕೆ ಏನೂ ಇಲ್ಲ" ಎಂದ. "ಒಪ್ಕೊಂಡುಬಿಡಿ ಭಾವ. ಚಿಕ್ಕವರಿದ್ದಾಗ್ಲೂ ನೀವು ಮುಗಿಸಿರಲಿಲ್ಲ. ಬಾಗಿಲು, ಬೆಳಗು ಎಲ್ಲಾ ಬರೀ ಬುರುಡೆ."

ತಕ್ಕಡಿಯವರು ಹೆಂಡತಿಯ ಕಡೆ ನೋಡಿದರು. ಆಕೆ ನಿನ್ನೆಯಿಂದ ಮಾತಾಡಿರಲಿಲ್ಲ. ಆದರೂ ತಮ್ಮನ ಮಾತಿಗೆ ಆಕೆಯ ಮುಖ ಬಾಡಿತು. ತಕ್ಕಡಿಯವರು ಒಪ್ಪಿಕೊಳ್ಳಲು ಬಾಯಿ ತೆರೆದರು. ನನಗೆ ನಿಜಕ್ಕೂ ಪಾಪ ಎನಿಸಿತು.

"ಅವರು ಹೇಳಿದ್ದು ಸರಿ" ಎಂದರು ಅತ್ತೆ, ಬೀನ್ಸ್ ಮುರಿಯುತ್ತ. "ನಾನು ನಿನ್ನೆ ಕಣ್ಣಾರೆ ನೋಡಿದ್ದೀನಿ. ಬಾಗಿಲು ತೆಗೆಯುತ್ತೆ. ಪೈಲಟ್ ಹೊರಗೆ ಬರ್ತಾನೆ. ಬೆಳಗಾಗಿರುತ್ತೆ."

"ಮುಖ ಹೇಗಿತ್ತಮ್ಮ?"

"ಮುಖ ಕಾಣಲ್ಲ. ಬೆನ್ನು ಮಾಡಿ ನಿಂತಿರ್ತಾನೆ. ಅದಕ್ಕೇ ಅವತ್ತು ಇವರಿಗೆ ಹೇಳೋಕಾಗಲಿಲ್ಲ."

ಭಾವಮೈದುನನ ನಗು ಅಲ್ಲಿಗೇ ನಿಂತಿತು. ತಾಯಿಯ ಮಾತಿಗೆ ಎದುರಾಡುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿ ಎದ್ದು ಒಳಗೆ ಹೋಗಿ ಗಂಡನಿಗೆ ಚಹಾ ತಂದು ಮುಂದಿಟ್ಟು, ತಮ್ಮನಿಗೆ, "ಇಪ್ಪತ್ತೆರಡು ವರ್ಷದಿಂದ ಹೇಳ್ತಾನೇ ಇದ್ದೀನಿ" ಎಂದರು. ಯುದ್ಧ ಗೆದ್ದವರ ಮನೆಯವರ ಮುಖ ಮರಳಿ ಬಂದಿತ್ತು.

ಎಲ್ಲ ಸುಖವಾಗಿ ಮುಗಿಯಿತು ಎನ್ನಬಹುದಾಗಿತ್ತು, ತಕ್ಕಡಿಯವರೊಬ್ಬರನ್ನು ಬಿಟ್ಟು. ತಾವು ಹೇಳಿದ ಸುಳ್ಳು ಸುಳ್ಳೋ ನಿಜವೋ ಎಂದು ಅವರಿಗೇ ಈಗ ಗೊತ್ತಿಲ್ಲ. ಪೆಟ್ಟಿಗೆ ಹಚ್ಚಿ ಮತ್ತೆ ಮೊದಲಿನಿಂದ ಆಡುತ್ತಿದ್ದಾರೆ, ನಾಲ್ಕನೆಯ ಹಂತ ದಾಟಿಲ್ಲ. ಹಿಂದಿನಿಂದ ದೀಪ ಬಂತು ಎಂದು ಹೇಳುವುದನ್ನು ಅತ್ತೆಯವರು ನಿಲ್ಲಿಸಿದ್ದಾರೆ. ತರಕಾರಿ ಚೀಲಗಳನ್ನು ಈಗ ತಕ್ಕಡಿಯವರೇ ಹೊತ್ತು ತರುತ್ತಾರೆ, ಅತ್ತೆಯವರು ಮುಂದೆ ಕೈಬೀಸಿಕೊಂಡು ಹತ್ತುತ್ತಾರೆ. ನಿನ್ನೆಯೂ ನನ್ನ ಬಾಗಿಲ ಮುಂದೆ ಹಾದುಹೋದರು.

"ಅತ್ತೆ, ನಾವಿಬ್ಬರೇ ಇದ್ದೀವಿ, ಹೇಳಿಬಿಡಿ" ಎಂದು ತಕ್ಕಡಿಯವರು ಏದುಸಿರು ಬಿಡುತ್ತ ಕೇಳಿದರು. "ಬಾಗಿಲು ನಿಜವಾಗ್ಲೂ ತೆಗೀತಾ?"

ಅತ್ತೆಯವರು ತಿರುಗಿ ನೋಡಲಿಲ್ಲ.

"ಲೈನ್ ಬಿಡುವಿಲ್ಲ" ಎಂದರು. "ಸ್ವಲ್ಪ ಹೊತ್ತು ಬಿಟ್ಟು ಮಾಡಿ."